ನಿಮ್ಮ ಫಲಕದ ಮೇಲಿರುವ ಬೆರಳು ನನ್ನ ಅತ್ತಿಗೆಯದು

ಮಾನ್ಯ ಚುನಾವಣಾಧಿಕಾರಿಗಳೇ,

ನಮ್ಮ ವಾರ್ಡಿನ ಆರೋಗ್ಯ ಕೇಂದ್ರದ ಎದುರು ನಿಮ್ಮ ಕಚೇರಿ ನಿಲ್ಲಿಸಿರುವ ದೊಡ್ಡ ಫಲಕದಲ್ಲಿ, ಶಾಯಿ ಹಚ್ಚಿದ ಬೆರಳೆತ್ತಿ ನಗುತ್ತಿರುವ ಹೆಂಗಸು ನನ್ನ ಅತ್ತಿಗೆ. ಅಣ್ಣನ ಹೆಂಡತಿ. ಅವರ ತಲೆಯ ಮೇಲೆ ‘ಇವರು ಬಂದರು, ನೀವು?’ ಎಂದು ಬರೆಸಿದ್ದೀರಿ. ಕಾಲಬುಡದಲ್ಲಿ, ಅತಿ ಹೆಚ್ಚು ಮತದಾನ ಮಾಡಿದ ಜಾಗೃತ ವಾರ್ಡು ಎಂದು ನಮ್ಮನ್ನೆಲ್ಲ ಅಭಿನಂದಿಸಿದ್ದೀರಿ. ಫಲಕ ನೋಡುತ್ತಿರುವ ಆ ಆರೋಗ್ಯ ಕೇಂದ್ರಕ್ಕೆ ಈಗ ಬೀಗ ಬಿದ್ದಿದೆ. ಬೀಗ ಹಾಕಿಸಿದ ಮತಗಳಲ್ಲಿ ಒಂದು ಆ ಬೆರಳಿನದು. ಬೆರಳಿನ ಒಡತಿಗೆ ಈ ಸಂಗತಿ ಗೊತ್ತಿಲ್ಲ. ನನ್ನ ದೂರು ಇಷ್ಟೇ: ನೀವು ಅವರನ್ನು ಮತಗಟ್ಟೆಗೆ ಹೂವು ಎತ್ತಿದ ಹಾಗೆ ಕರೆತಂದಿರಿ. ಆದರೆ ಅಲ್ಲಿ ಯಾರು ನಿಂತಿದ್ದಾರೆ, ಏನು ಮಾಡಲು ನಿಂತಿದ್ದಾರೆ ಎಂಬುದನ್ನು ಹೇಳಲಿಲ್ಲ. ಹೇಳಲು ಹೊರಟವರಿಗೆ ಬಾಗಿಲು ತೆರೆಯಲೂ ಇಲ್ಲ.

ಆ ಆರೋಗ್ಯ ಕೇಂದ್ರವನ್ನು ನೀವು ಒಳಗಿನಿಂದ ನೋಡಿರಲಾರಿರಿ. ಅದೇನೂ ದೊಡ್ಡ ಆಸ್ಪತ್ರೆಯಲ್ಲ. ಮುಂದಿನ ಕೋಣೆಯಲ್ಲಿ ರಕ್ತದೊತ್ತಡ ನೋಡುವ ಮೇಜು, ನಡುವಿನ ಕೋಣೆಯಲ್ಲಿ ಗಾಯಕ್ಕೆ ಕಟ್ಟುಕಟ್ಟುವ ಮಂಚ, ಹಿಂದೆ ಒಂದು ಉಗ್ರಾಣ. ಕಳೆದ ಸಲ ನಮ್ಮ ಬೀದಿಯ ನಿವೃತ್ತ ನರ್ಸಮ್ಮ ಗೆದ್ದು ವಾರ್ಡಿನ ಸದಸ್ಯೆಯಾದಾಗ, ಆ ಉಗ್ರಾಣದಲ್ಲಿದ್ದ ಮುರಿದ ಕುರ್ಚಿಗಳನ್ನು ಹೊರಗೆ ಹಾಕಿಸಿದರು. ಸುಣ್ಣ ಹೊಡೆಸಿದರು. ಹಿಡಿದು ನಡೆಯಲು ಗೋಡೆಯುದ್ದಕ್ಕೂ ಕಂಬಿ ಹಾಕಿಸಿದರು. ಫಿಸಿಯೋಥೆರಪಿ ಕಲಿತ ಒಬ್ಬಳು ಹುಡುಗಿ ಬೆಳಗಿನ ಹೊತ್ತು ಬರುವಂತೆ ಮಾಡಿದರು. ಅದಕ್ಕಾಗಿ ಅವರು ಎಷ್ಟು ಮೇಜುಗಳ ಮುಂದೆ ನಿಂತರೋ ನನಗೆ ಗೊತ್ತಿಲ್ಲ. ಕೇಳಿದರೆ, “ಆಸ್ಪತ್ರೆಯಲ್ಲಿ ಇಡೀ ಆಯುಷ್ಯ ನಿಂತೇ ಕೆಲಸ ಮಾಡಿದೀನಿ, ಇದ್ಯಾವ ಲೆಕ್ಕ” ಎನ್ನುತ್ತಿದ್ದರು.

ನನ್ನ ಅತ್ತಿಗೆ ಬ್ಯಾಂಕಿನ ಕೌಂಟರಿನಲ್ಲಿ ಕೂತು ಜನರ ಸಹಿ ತಾಳೆ ನೋಡುತ್ತಿದ್ದವರು. ಊರಿನ ಅರ್ಧ ಜನರ ಸಹಿಯ ಬಾಲ ಯಾವ ಕಡೆ ತಿರುಗುತ್ತದೆ ಎಂದು ಅವರಿಗೆ ಬಾಯಿಪಾಠವಾಗಿತ್ತು. ಎರಡು ವರ್ಷದ ಕೆಳಗೆ ಲಕ್ವ ಹೊಡೆದು ಅವರ ಬಲಗಡೆ ಸ್ವಾಧೀನ ತಪ್ಪಿತು. ಮಾತು, ಆಳದ ಬಾವಿಯಿಂದ ಸೇದಿದ ಹಾಗೆ ಒಂದೊಂದೇ ಬರತೊಡಗಿತು. ಓದು ಪೂರ್ತಿ ಹೋಯಿತು. ಕಣ್ಣು ಚೆನ್ನಾಗಿದೆ, ಚಿತ್ರ ಕಾಣುತ್ತದೆ, ಮುಖ ಗುರುತು ಹತ್ತುತ್ತದೆ. ಅಕ್ಷರ ಮಾತ್ರ ಇರುವೆ ಹರಿದ ಹಾಗೆ ಚೆದುರಿಹೋಗುತ್ತದೆ. ನಾನು ಪಠ್ಯಪುಸ್ತಕಗಳ ಕರಡು ತಿದ್ದಿ ಬದುಕುವವಳು. ಕೆಲಸದಿಂದ ಬಂದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಕವಿತೆ ಓದುತ್ತಿದ್ದೆವು. ಅವರು ಒಂದು ಓದಿದರೆ ನಾನು ಒಂದು. ಈಗ ನಾನೊಬ್ಬಳೇ ಓದುತ್ತೇನೆ. ಒಂದು ಸಾಲು ಓದಿ ನಿಲ್ಲಿಸುತ್ತೇನೆ. ಅವರು ಕಣ್ಣು ಮುಚ್ಚಿಕೊಂಡು ಆ ಸಾಲನ್ನು ಎಲ್ಲೋ ಇಟ್ಟು ಬಂದು, ತಲೆಯಾಡಿಸಿದ ಮೇಲೆ ಮುಂದಿನದು.

ಮೊದಲ ಸಲ ಆ ಹಿಂದಿನ ಕೋಣೆಗೆ ಹೋದಾಗ ಫಿಸಿಯೋಥೆರಪಿಯ ಹುಡುಗಿ ಅವರ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, “ಅಮ್ಮಾ, ಈ ಕೈಯಲ್ಲಿ ಮೊದಲು ಏನು ಮಾಡಬೇಕು ಅಂತ ಆಸೆ?” ಎಂದು ಕೇಳಿದಳು. ಎಲ್ಲರನ್ನೂ ಅವಳು ಕೇಳುವ ಪ್ರಶ್ನೆಯಂತೆ ಅದು. ತಾನೇ ಕಲಸಿ ಉಣ್ಣಬೇಕು ಅನ್ನುವವರಿದ್ದಾರೆ, ಮೊಮ್ಮಗಳಿಗೆ ಜಡೆ ಹಾಕಬೇಕು ಅನ್ನುವವರಿದ್ದಾರೆ. ಅತ್ತಿಗೆ ಬಹಳ ಹೊತ್ತು ಹುಡುಕಿ ಒಂದೇ ಮಾತು ತಂದರು.

“ಓಟು.”

ಯಾರಿಗೆ ಅಂತ ಕೇಳುವ ಮೊದಲೇ ಮುಂದಿನ ಕೋಣೆಯ ಕಡೆಗೆ ಕಣ್ಣು ತೋರಿಸಿದರು. ಅಲ್ಲಿ ನರ್ಸಮ್ಮ ಯಾರದೋ ರಕ್ತದೊತ್ತಡ ನೋಡುತ್ತ ಅವರನ್ನು ಉಪ್ಪಿನ ವಿಷಯಕ್ಕೆ ಬೈಯುತ್ತಿದ್ದರು.

ಆ ಹುಡುಗಿ ಒಂದು ಹಲಗೆಗೆ ಹಳೆಯ ಕರೆಗಂಟೆ ಕೂರಿಸಿ ತಂದಳು. ಗುಂಡಿಯ ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಕೊಡೆ ಬರೆದಳು. ಕೊಡೆ ಯಾಕೆಂದರೆ, ಕಳೆದ ಸಲ ನರ್ಸಮ್ಮನ ಗುರುತು ಕೊಡೆ. ನಮ್ಮ ವಾರ್ಡಿನಲ್ಲಿ ನರ್ಸಮ್ಮ ಎಂದರೆ ಕೊಡೆ, ಕೊಡೆ ಎಂದರೆ ನರ್ಸಮ್ಮ. ತಿಂಗಳುಗಟ್ಟಲೆ ಅತ್ತಿಗೆ ಆ ಹಲಗೆಯ ಮುಂದೆ ಕೂತರು. ಕೈ ಎತ್ತಲು ಒಂದಷ್ಟು ಕಾಲ, ಎತ್ತಿದ ಕೈಯಲ್ಲಿ ಒಂದೇ ಬೆರಳು ಬಿಡಿಸಲು ಇನ್ನಷ್ಟು ಕಾಲ, ಬಿಡಿಸಿದ ಬೆರಳು ನಡುಗದೆ ಕೊಡೆಯ ಪಕ್ಕಕ್ಕೆ ಹೋಗಿ ನಿಲ್ಲಲು ಮತ್ತಷ್ಟು. ಒಂದು ಬೆಳಗ್ಗೆ ಗಂಟೆ ಬಾರಿಸಿತು. ನರ್ಸಮ್ಮ ಮುಂದಿನ ಕೋಣೆಯಿಂದ ಓಡಿ ಬಂದು, “ಯಾರಮ್ಮಾ ಬಂದಿದ್ದು?” ಎಂದರು.

“ನಾನು” ಎಂದರು ಅತ್ತಿಗೆ.

ಮಾನ್ಯರೇ, ಇನ್ನು ನಿಮ್ಮ ಕಚೇರಿಯ ಕೆಲಸಕ್ಕೆ ಬರೋಣ. ನಮ್ಮ ವಾರ್ಡಿನಲ್ಲಿ ನಿಂತವರೆಲ್ಲ ಪಕ್ಷೇತರರು, ಹಾಗಾಗಿ ಗುರುತು ಯಾರ ಸ್ವಂತದ್ದೂ ಅಲ್ಲ, ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿ ಕೊಡುತ್ತೀರಿ. ನಿಯಮ ಒಳ್ಳೆಯದೇ ಇರಬಹುದು. ಈ ಸಲ ಮತದಾನಕ್ಕೆ ಒಂದು ವಾರ ಇರುವಾಗ ಚೀಟಿ ಎತ್ತಿದಿರಿ. ಕೊಡೆಯನ್ನು ನರ್ಸಮ್ಮನೂ ಕೇಳಿದ್ದರು, ಅವರೆದುರು ನಿಂತ ಕಟ್ಟಡದ ಕಂಟ್ರಾಕ್ಟರೂ ಕೇಳಿದ್ದರು. ಕೊಡೆ ಕಂಟ್ರಾಕ್ಟರಿಗೆ ಬಂತು. ನರ್ಸಮ್ಮನಿಗೆ ಬಾಚಣಿಗೆ ಸಿಕ್ಕಿತು. ಕಳೆದ ಚುನಾವಣೆಯಲ್ಲಿ ನರ್ಸಮ್ಮನ ಕಡೆಯವರು ಬೀದಿಬೀದಿಯ ಗೋಡೆಗೆ ಬಳಿದಿದ್ದ ಕೊಡೆಗಳ ಮೇಲೆ ನಿಮ್ಮವರು ತೆಳ್ಳಗೆ ಸುಣ್ಣ ಹಚ್ಚಿದ್ದರು. ಸುಣ್ಣದ ಹಿಂದಿನಿಂದ ಅವು ಇಣುಕುತ್ತಲೇ ಇದ್ದವು. ಕಂಟ್ರಾಕ್ಟರು ಒಂದು ಡಬ್ಬಿ ಬಣ್ಣವನ್ನೂ ತರಬೇಕಾಗಲಿಲ್ಲ. ವರ್ಷಗಟ್ಟಲೆ ನರ್ಸಮ್ಮ ದುಡಿದು ಗಳಿಸಿದ ಕೊಡೆಯ ಕೆಳಗೆ ಅವರು ಆರಾಮಾಗಿ ಬಂದು ನಿಂತರು, ಅಷ್ಟೇ.

ಇದು ನನಗೆ ಗೊತ್ತಾದದ್ದು ಆಕಸ್ಮಿಕ. ಅಭ್ಯರ್ಥಿಗಳನ್ನೆಲ್ಲ ಶಾಲೆಯ ಸಭಾಂಗಣದಲ್ಲಿ ಒಂದು ಸಂಜೆ ಕೂರಿಸಿ, ಗೆದ್ದರೆ ಏನು ಮಾಡುತ್ತೀರಿ ಎಂದು ಜನ ಕೇಳುವಂತಾಗಲಿ ಎಂದು ಅನುಮತಿ ಪಡೆಯಲು ನಿಮ್ಮ ಕಚೇರಿಗೆ ಬಂದಿದ್ದೆ. ಹೊರಗೆ ಬೈಸಿಕಲ್ ನಿಲ್ಲಿಸುವ ಜಾಗದ ಹಿಂದೆ, ಗಾಜಿನ ಪೆಟ್ಟಿಗೆಯೊಳಗೆ, ಅರ್ಧ ಮಡಚಿಕೊಂಡಿದ್ದ ಒಂದು ಹಾಳೆ ಕಂಡಿತು. ತಪ್ಪು ಹುಡುಕುವ ಕಣ್ಣಿಗೆ ಅಚ್ಚಾದದ್ದನ್ನೆಲ್ಲ ಓದುವ ಚಾಳಿ. ಓದಿದೆ. ಬಾಚಣಿಗೆಯ ಎದುರು ನಾನು ಕೇಳಿಯೇ ಇರದ ಒಂದು ಉದ್ದನೆಯ ಹೆಸರಿತ್ತು, ಮುಂದೆ ಎರಡು ಇನಿಷಿಯಲ್. ವಿಳಾಸ ನೋಡಿದ ಮೇಲೆ ಅದು ನರ್ಸಮ್ಮನೆಂದು ತಿಳಿಯಿತು. ಒಂದೇ ಬೀದಿಯಲ್ಲಿ ಇಷ್ಟು ವರ್ಷ ಬದುಕಿದ, ಕಳೆದ ಸಲ ಬರೀ ಕೊಡೆ ನೋಡಿ ಒತ್ತಿ ಬಂದಿದ್ದ ನನಗೇ ಅವರ ಹೆಸರು ಆ ಪೆಟ್ಟಿಗೆ ಹೇಳಬೇಕಾಯಿತು. ನಮ್ಮಲ್ಲಿ ಯಾರಿಗೆ ಯಾರ ಹೆಸರು ಗೊತ್ತು, ಮಾನ್ಯರೇ? ಕೆಲಸ ಗೊತ್ತು, ಕಷ್ಟ ಗೊತ್ತು, ಮಗಳ ಸಂಬಂಧ ಯಾಕೆ ಮುರಿಯಿತು ಎನ್ನುವುದೂ ಗೊತ್ತು. ಹೆಸರು ಮಾತ್ರ ಮತಯಂತ್ರದಲ್ಲಿ ಮೊದಲ ಸಲ ನೋಡುತ್ತೇವೆ, ನೋಡಿ ಯಾರೋ ಹೊಸಬರೆಂದು ಮುಂದಕ್ಕೆ ಹೋಗುತ್ತೇವೆ.

ಗುಮಾಸ್ತರನ್ನು ಕೇಳಿದೆ, ಇದನ್ನು ಜನರಿಗೆ ತಿಳಿಸುವುದಿಲ್ಲವೇ ಎಂದು. “ಅಂಟಿಸಿದೀವಲ್ಲ ಮೇಡಂ” ಎಂದರು. ಪೆಟ್ಟಿಗೆ ಅಲ್ಲಿದ್ದರೆ ಓದುವವರು ಯಾರು ಎಂಬ ಪ್ರಶ್ನೆಗೆ, ಅಂಟಿಸಬೇಕು ಅಂತ ನಿಯಮ ಇದೆ, ಓದಿಸಬೇಕು ಅಂತ ಇಲ್ಲ ಎಂಬ ಉತ್ತರ ಬಂತು. ಆಮೇಲೆ ತಮ್ಮನ್ನು ನೋಡುವ ಅವಕಾಶ ಸಿಕ್ಕಿತು. ತಮಗೆ ನೆನಪಿರಲಿಕ್ಕಿಲ್ಲ. ತಮ್ಮ ಮೇಜಿನ ತುಂಬ ಬಣ್ಣದ ಬಲೂನುಗಳ ಪೊಟ್ಟಣಗಳಿದ್ದವು, ನಿಂತು ಫೋಟೋ ತೆಗೆಸಿಕೊಳ್ಳಲು ರಟ್ಟಿನ ದೊಡ್ಡ ಬೆರಳು ಗೋಡೆಗೆ ಒರಗಿತ್ತು. ತಾವು ಸಭ್ಯವಾಗಿಯೇ ಮಾತಾಡಿದಿರಿ. ಅಂಥ ಸಭೆ ನಡೆದರೆ ಒಬ್ಬರಿಗೆ ಅನುಕೂಲ, ಇನ್ನೊಬ್ಬರಿಗೆ ಅನನುಕೂಲ ಆಗಬಹುದು, ಕಚೇರಿ ನಿಷ್ಪಕ್ಷಪಾತವಾಗಿರಬೇಕು ಎಂದಿರಿ. ನಾನು ಬಿಡದೆ ಕೂತಾಗ, ಕೊನೆಗೆ ಹೇಳಿದಿರಿ:

“ನೋಡಿ ಮೇಡಂ, ಜನ ಬಂದು ಓಟು ಹಾಕಬೇಕು. ಅದು ನಮ್ಮ ಕೆಲಸ. ಯಾರಿಗೆ, ಯಾಕೆ ಅನ್ನೋದು ನಮ್ಮ ಕೆಲಸ ಅಲ್ಲ.”

ಅಂದಿನಿಂದ ನಾನು ಆ ವಾಕ್ಯವನ್ನು ಕರಡು ತಿದ್ದುವವಳ ಹಾಗೆ ಅನೇಕ ಸಲ ಓದಿದ್ದೇನೆ. ವ್ಯಾಕರಣದಲ್ಲಿ ತಪ್ಪಿಲ್ಲ. ಯಾರಿಗೆ ಹಾಕಬೇಕು ಎಂದು ಹೇಳುವುದು ನಿಮ್ಮ ಕೆಲಸವಲ್ಲ, ಒಪ್ಪಿದೆ. ಆದರೆ ಯಾರು ಯಾರು ಎಂದು ತೋರಿಸುವುದೂ ನಿಮ್ಮ ಕೆಲಸವಲ್ಲದಿದ್ದರೆ ಅದು ಇನ್ನಾರ ಕೆಲಸ? ‘ದಾನಗಳಲ್ಲಿ ಶ್ರೇಷ್ಠ ದಾನ ಮತದಾನ’ ಎಂದು ನಿಮ್ಮ ಗಾಡಿ ವಾರವಿಡೀ ಧ್ವನಿವರ್ಧಕದಲ್ಲಿ ಕೂಗಿತು. ದಾನ ಮಾಡುವ ಮೊದಲು ಪಾತ್ರ ಯಾರು ಅಪಾತ್ರ ಯಾರು ನೋಡಿಕೋ ಎಂದೂ ಹಿರಿಯರು ಹೇಳಿದ್ದರಲ್ಲ, ಆ ಅರ್ಧವನ್ನು ಗಾಡಿ ಎಲ್ಲಿ ಬೀಳಿಸಿಕೊಂಡು ಬಂತು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು, ನಿಜ. ಹಾಗಿರುವವರನ್ನು ಹೆಚ್ಚು ಸಂಖ್ಯೆಯಲ್ಲಿ ಮತಗಟ್ಟೆಗೆ ತಂದು ನಿಲ್ಲಿಸಿದರೆ ಜಾಗೃತಿ ಹೆಚ್ಚುತ್ತದೆಯೋ, ಕೊಟ್ಟಿಗೆ ತುಂಬುತ್ತದೆಯೋ?

ಅನುಮತಿ ಸಿಗದಿದ್ದ ಮೇಲೆ ಸಂಜೆಹೊತ್ತು ನಾನೇ ಮನೆಮನೆಗೆ ಹೋದೆ. ಯಾರಿಗೆ ಹಾಕಿ ಎಂದು ಹೇಳಲಿಲ್ಲ. ಈ ಗುರುತು ಈ ಸಲ ಇವರದು, ಆ ಗುರುತು ಅವರದು, ಅಷ್ಟೇ. ಮೂಲೆಯ ಇಸ್ತ್ರಿ ಅಂಗಡಿಯವರು ನಮ್ಮ ಬೀದಿಯ ಬಾನುಲಿ ಇದ್ದ ಹಾಗೆ. ಅವರಿಗೆ ಹೇಳಿದರೆ ಊರಿಗೆ ಹೇಳಿದಂತೆ ಎಂದು ಅಲ್ಲಿಗೂ ಹೋದೆ. ಅವರು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ತಮ್ಮ ಬೋಳುತಲೆ ಸವರಿಕೊಂಡರು.

“ನನ್ನ ತಲೆಗೆ ಬಾಚಣಿಗೆ ಯಾಕೆ ಮೇಡಂ? ನಮ್ಮದು ಯಾವತ್ತಿದ್ರೂ ಕೊಡೆ. ನರ್ಸಮ್ಮನ್ನ ಬಿಟ್ಟು ಬೇರೆಯವರಿಗೆ ಹಾಕಿ ಅಂತ ನೀವು ಹೇಳ್ತೀರಿ ಅಂದ್ಕೊಂಡಿರಲಿಲ್ಲ.”

ನಾನು ಮತ್ತೆ ಮೊದಲಿಂದ ವಿವರಿಸಿದೆ. ಅವರು ತಲೆಯಾಡಿಸಿದರು. ಓದಿದವರ ಮಾತಿಗೆ ಮರ್ಯಾದೆಯಿಂದ ತಲೆಯಾಡಿಸುವುದು ಬೇರೆ, ಕೇಳುವುದು ಬೇರೆ. ಕೇಳುವುದಕ್ಕೆ ನರ್ಸಮ್ಮನ ಮುಖ, ಬಾಚಣಿಗೆಯ ಚಿತ್ರ ಒಟ್ಟಿಗೆ ಒಂದು ಕಡೆ ಕಾಣಬೇಕಿತ್ತು. ನಿಮ್ಮ ಕಚೇರಿಯ ಮೊಹರಿನ ಕೆಳಗೆ ಕಾಣಬೇಕಿತ್ತು. ಗಾಳಿಯಲ್ಲಿ ಬಂದ ಮಾತಿಗೂ ಗೋಡೆಯ ಮೇಲಿನ ಕೊಡೆಗೂ ಜಗಳ ಬಿದ್ದರೆ ಗೋಡೆಯೇ ಗೆಲ್ಲುತ್ತದೆ. ನರ್ಸಮ್ಮನೂ ಬಿಸಿಲಲ್ಲಿ ಅಲೆದು ಬಾಚಣಿಗೆಯ ಚೀಟಿ ಹಂಚಿದರು. ಎಲ್ಲರೂ ಚೀಟಿ ತೆಗೆದುಕೊಂಡು, “ನಿಮಗೇ ಅಮ್ಮಾ, ನೀವು ಬರಬೇಕಾ” ಎಂದು ನೀರು ಕೊಟ್ಟು ಕಳಿಸಿದರು.

ಹಲಗೆಯ ಮೇಲಿನ ಕೊಡೆಯನ್ನು ಆ ಹುಡುಗಿ ಉಜ್ಜಿ ಅಳಿಸಿ ಬಾಚಣಿಗೆ ಬರೆದಳು. ಉಳಿದಿದ್ದ ಕೆಲವೇ ದಿನ ಅತ್ತಿಗೆ ಅದರ ಮುಂದೆ ಕೂತರು. ಈ ಸಲ ನರ್ಸಮ್ಮನ ಗುರುತು ಯಾವುದು ಎಂದು ನಾನು ಕೇಳಿದಾಗೆಲ್ಲ, “ಬಾಚಣಿಗೆ. ಗೊತ್ತು” ಎನ್ನುತ್ತಿದ್ದರು, ಸ್ವಲ್ಪ ಸಿಡುಕಿನಿಂದಲೇ. ಗೊತ್ತಿತ್ತು. ಅವರಿಗೆ ಗೊತ್ತಾಗಿತ್ತು. ಬೆರಳಿಗೆ ಗೊತ್ತಾಗಿರಲಿಲ್ಲ.

ಮತದಾನದ ದಿನ ನಿಮ್ಮ ಏರ್ಪಾಡಿನಲ್ಲಿ ಒಂದು ಕೊರತೆ ಇರಲಿಲ್ಲ. ಶಾಲೆಯ ಮೆಟ್ಟಿಲಿಗೆ ಇಳಿಜಾರು ಹಾಕಿಸಿದ್ದಿರಿ, ಗಾಲಿಕುರ್ಚಿ ಇತ್ತು, ನೆರಳಿಗೆ ಚಪ್ಪರ, ಕುಡಿಯಲು ನೀರು. ಜೊತೆಗೆ ಒಬ್ಬರು ಬರಬಹುದು ಎಂದು ಮತಗಟ್ಟೆಯವರು ಹೇಳಿದರು. ಅತ್ತಿಗೆ ಎಡಗೈ ಅಡ್ಡ ಹಿಡಿದು, “ನಾನೇ” ಎಂದರು. ಶಾಯಿಯನ್ನೂ ಎಡಗೈಗೆ ಬೇಡವೆಂದು ಬಲಗೈ ಬೆರಳಿಗೇ ಹಚ್ಚಿಸಿಕೊಂಡರು. ರಟ್ಟಿನ ಮರೆಯ ಹಿಂದೆ ಬಹಳ ಹೊತ್ತು ಇದ್ದರು. ಸಾಲಿನಲ್ಲಿದ್ದ ಯಾರೂ ಗೊಣಗಲಿಲ್ಲ. ಯಂತ್ರ ಸದ್ದು ಮಾಡಿದಾಗ ಅಣ್ಣ ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟ. ಹೊರಗೆ ಬಂದವರ ಮುಖ ನೀವು ಫಲಕದಲ್ಲಿ ನೋಡಿದ್ದೀರಿ, ನಾನೇನು ಬಣ್ಣಿಸಲಿ. ನಿಮ್ಮ ಛಾಯಾಗ್ರಾಹಕರು ಕೇಳಿಕೊಂಡರು, ಅವರು ಬೆರಳೆತ್ತಿದರು. ಲಕ್ವದ ನಂತರ ಅವರು ಪೂರ್ತಿ ವಾಕ್ಯ ಆಡಿದ್ದನ್ನು ನಾನು ಕೇಳಿದ್ದು ಆವತ್ತೇ: “ನಾನೇ ಒತ್ತಿದೆ.”

ಮಧ್ಯಾಹ್ನ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತಿ ಅಣ್ಣನಿಗೆ ಹೇಳಿದರು: “ಕೊಡೆ. ಒತ್ತಿದೆ.”

ಅಣ್ಣ ನನ್ನ ಮುಖ ನೋಡಿದ. ಆಮೇಲೆ, “ಭೇಷ್” ಎಂದ.

ನರ್ಸಮ್ಮ ಸೋತರು. ಒಂದು ಬಸ್ಸಿನಲ್ಲಿ ಕೂರಿಸಿ ಕಳಿಸಬಹುದಾದಷ್ಟು ಮತಗಳಿಂದ ಸೋತರು. ಫಲಿತಾಂಶ ಬಂದ ಮೇಲೆ ಇಸ್ತ್ರಿಯವರು ನನ್ನನ್ನು ತಡೆದು, “ಹಾಗಾದ್ರೆ ಆ ಬಾಚಣಿಗೆ ನಮ್ಮ ನರ್ಸಮ್ಮಾನೇನಾ?” ಎಂದರು. ಹೌದೆಂದೆ. ಬೋಳುತಲೆ ಸವರಿಕೊಂಡು, “ಕೊಡೆ ಸಿಕ್ಕಿದ್ದೂ ಛತ್ರಿಗೇ ಬಿಡಿ” ಎಂದು ನಕ್ಕರು. ನನಗೆ ನಗು ಬರಲಿಲ್ಲ, ಅವರಿಗೂ ಬಂದಿರಲಿಲ್ಲ. ಕಂಟ್ರಾಕ್ಟರು ಛತ್ರಿಯಲ್ಲ, ಮಾನ್ಯರೇ. ಹಾಗಿದ್ದಿದ್ದರೆ ನನ್ನ ಸಂಕಟ ಹಗುರಾಗುತ್ತಿತ್ತು. ಅವರು ಯಾರಿಗೂ ಸುಳ್ಳು ಹೇಳಲಿಲ್ಲ. ಅವರು ಹಂಚಿದ ಕರಪತ್ರದಲ್ಲಿ, ‘ವಾರ್ಡಿನ ಹಳೆಯ ಸಾರ್ವಜನಿಕ ಕಟ್ಟಡಗಳ ವಾಣಿಜ್ಯ ಅಭಿವೃದ್ಧಿ’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಹಳೆಯ ಸಾರ್ವಜನಿಕ ಕಟ್ಟಡ ಎಂದರೆ ಆರೋಗ್ಯ ಕೇಂದ್ರ, ಅಭಿವೃದ್ಧಿ ಎಂದರೆ ಅಂಗಡಿ ಮಳಿಗೆ. ಓದಿದವರೂ ಓದಲಿಲ್ಲ. ದೇಶದ ರಾಜಧಾನಿಯಲ್ಲಿ ಯಾರು ಯಾರ ಕುರ್ಚಿ ಎಳೆದರು ಎಂದು ಟೀವಿ ಮುಂದೆ ಕೂಗಾಡುವ ನಮ್ಮ ಬೀದಿಯ ವಿದ್ಯಾವಂತರು ಆ ಕರಪತ್ರದಲ್ಲಿ ಕಡಲೆ ಕಟ್ಟಿಕೊಂಡರು. ಅಷ್ಟು ದೂರದ್ದೆಲ್ಲ ಕಾಣುವ ಕಣ್ಣಿಗೆ ಮನೆಯೆದುರಿನ ಬಾಗಿಲು ಕಾಣುವುದಿಲ್ಲ.

ಹೊಸ ಸದಸ್ಯರು ಮಾತಿಗೆ ತಪ್ಪಲಿಲ್ಲ. ಪುರಸಭೆಯ ಮೊದಲ ಸಭೆಯಲ್ಲೇ ಠರಾವು ಆಯಿತು. ಆರೋಗ್ಯ ಕೇಂದ್ರವನ್ನು ಊರಾಚೆಯ ದೊಡ್ಡ ಆಸ್ಪತ್ರೆಯೊಂದಿಗೆ ‘ವಿಲೀನ’ಗೊಳಿಸಿದರು. ಅಲ್ಲಿಗೆ ಬಸ್ಸು ಬದಲಿಸಿ ಹೋಗಬೇಕು, ಅತ್ತಿಗೆಗೆ ಬಸ್ಸಿನ ಮೊದಲ ಮೆಟ್ಟಿಲೇ ಬೆಟ್ಟ. ಅಣ್ಣ ಒಂದು ಸಲ ಹೇಗೋ ಕರೆದುಕೊಂಡು ಹೋಗಿ ಬಂದ. ಆ ದಣಿವಿಗೆ ಅವರು ಮೂರು ದಿನ ಮಾತೇ ಆಡಲಿಲ್ಲ. ಫಿಸಿಯೋಥೆರಪಿಯ ಹುಡುಗಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಗೋಡೆಯ ಕಂಬಿಗಳನ್ನು ಕಿತ್ತರು.

ಕಿತ್ತ ದಿನ ನರ್ಸಮ್ಮ ಆ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಅಭ್ಯಾಸ ತಪ್ಪಬಾರದು, ಇಟ್ಟುಕೊಳ್ಳಿ ಎಂದರು. ಕೂತು ಚಹಾ ಕುಡಿದರು. “ಬೀದಿಯಲ್ಲಿ ಯಾರನ್ನು ಕೇಳಿದ್ರೂ ನಿಮಗೇ ಹಾಕಿದ್ದು ಅಂತಾರೆ. ಹಾಗಾದ್ರೆ ಸೋತಿದ್ದು ಯಾರು ಅಂತಾನೇ ನನಗೆ ಗೊತ್ತಾಗ್ತಿಲ್ಲ” ಎಂದು ನಕ್ಕರು. ಅತ್ತಿಗೆ ಅವರ ಕೈಹಿಡಿದು, ಮಾತು ಹುಡುಕಿ ಹುಡುಕಿ, “ನಿಮಗೇ. ನಾನೂ” ಎಂದರು. ನರ್ಸಮ್ಮ ನನ್ನ ಕಡೆ ನೋಡಿದರು. ನನ್ನ ಮುಖದಲ್ಲಿ ಏನು ಓದಿದರೋ.

“ಗೊತ್ತಮ್ಮಾ, ಗೊತ್ತು” ಎಂದು ಅತ್ತಿಗೆಯ ಬೆರಳುಗಳನ್ನು ಒಂದೊಂದಾಗಿ ನೀವಿದರು.

ಈಗ ನನ್ನ ಬೇಡಿಕೆ. ಫಲಕ ಇಳಿಸಿ ಎಂದು ಕೇಳಬೇಕೆಂದೇ ಬರೆಯಲು ಕೂತೆ. ಕೇಳಲಾರೆ. ಪ್ರತಿ ಬೆಳಗ್ಗೆ ಅತ್ತಿಗೆ ನನ್ನ ತೋಳು ಹಿಡಿದು ಆರೋಗ್ಯ ಕೇಂದ್ರದವರೆಗೆ ನಡೆಯುತ್ತಾರೆ. ಅವರಿಗೆ ಈಗ ಉಳಿದಿರುವ ವ್ಯಾಯಾಮ ಅದೊಂದೇ. ಅಲ್ಲಿ ತಮ್ಮ ಚಿತ್ರವನ್ನು ನಿಂತು ನೋಡುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಬಾಗಿಲ ಕಡೆ ತಿರುಗಿ ನನ್ನನ್ನು ಕೇಳುತ್ತಾರೆ: “ಕೊಡೆ ಗೆದ್ದಿತಲ್ಲ?” ಗೆದ್ದಿತು ಎನ್ನುತ್ತೇನೆ. “ಮತ್ತೆ ಬೀಗ?” ರಜೆ ಅತ್ತಿಗೆ, ಇವತ್ತು ರಜೆ ಎನ್ನುತ್ತೇನೆ. ಇಷ್ಟು ರಜೆ ಯಾವ ಕಚೇರಿಗೂ ಇರುವುದಿಲ್ಲ ಎಂದು ಬ್ಯಾಂಕಿನಲ್ಲಿ ದುಡಿದ ಅವರಿಗೆ ಒಂದಲ್ಲ ಒಂದು ದಿನ ಹೊಳೆಯುತ್ತದೆ. ಆ ದಿನ ಅವರ ಪಕ್ಕದಲ್ಲಿ ನಿಲ್ಲುವ ಧೈರ್ಯ ನನಗಿಲ್ಲ.

ಆದ್ದರಿಂದ ಎರಡು ಮಾತು. ಮುಂದಿನ ಸಲ ಇಷ್ಟೇ ದೊಡ್ಡ ಇನ್ನೊಂದು ಫಲಕವನ್ನು, ಚುನಾವಣೆಗೆ ಒಂದು ತಿಂಗಳು ಮೊದಲೇ, ಇದೇ ಜಾಗದಲ್ಲಿ ನಿಲ್ಲಿಸಿ. ಅದರಲ್ಲಿ ನಿಂತವರೆಲ್ಲರ ಮುಖ ಇರಲಿ, ಬೀದಿ ಅವರನ್ನು ಕರೆಯುವ ಹೆಸರಿರಲಿ, ಗುರುತಿರಲಿ, ಗೆದ್ದರೆ ಯಾವ ಬಾಗಿಲು ತೆರೆಯುತ್ತಾರೆ, ಯಾವುದು ಮುಚ್ಚುತ್ತಾರೆ ಎಂಬುದು ಮಕ್ಕಳಿಗೂ ತಿಳಿಯುವ ಮಾತಿನಲ್ಲಿರಲಿ. ಓದಲಾಗದವರಿಗೆ ನಿಮ್ಮ ಗಾಡಿ ಅದನ್ನೇ ಕೂಗಲಿ. ಅಭ್ಯರ್ಥಿಗಳನ್ನು ಒಂದು ಸಂಜೆ ಒಂದೇ ಬೆಂಚಿನ ಮೇಲೆ ಕೂರಿಸಿ. ನೀವು ಇದನ್ನು ಮಾಡುತ್ತೀರೆಂದು ನಾನು ನಂಬಿಲ್ಲ. ಮಾಡಿದರೆ ನಾವು ಬಂದು ಓದುತ್ತೇವೆ ಎಂಬ ಭರವಸೆಯೂ ನನಗಿಲ್ಲ. ಆದರೂ ಕೇಳಿದ್ದೇನೆ ಎಂಬುದು ಎಲ್ಲಾದರೂ ಅಚ್ಚಾಗಿರಲಿ.

ಎರಡನೆಯದು ಚಿಕ್ಕದು. ಒಂದು ಬೆಳಗ್ಗೆ ತಾವೇ ಬನ್ನಿ. ಫಲಕದ ಕೆಳಗೆ ನಿಂತು, ಅತ್ತಿಗೆ ಕೇಳುವ ಪ್ರಶ್ನೆಗೆ ತಾವೇ ಉತ್ತರ ಕೊಡಿ. ಯಾರಿಗೆ, ಯಾಕೆ ಎಂಬುದು ತಮ್ಮ ಕೆಲಸವಲ್ಲ, ನನಗೆ ಗೊತ್ತು. ಅಲ್ಲದಿದ್ದರೂ ಬನ್ನಿ, ಸ್ವಲ್ಪ ಬೇಗ ಬನ್ನಿ. ಫಲಕದಲ್ಲಿ ಆ ಬೆರಳು ನೆಟ್ಟಗಿದೆ. ಮನೆಯಲ್ಲಿ ಅದು ಮತ್ತೆ ಮಡಚಿಕೊಳ್ಳುತ್ತಿದೆ. ಹಲಗೆಯ ಗಂಟೆ ಬಾರಿಸದೆ ಬಹಳ ದಿನವಾಯಿತು.

ಇಂತಿ,
ಬೆಳಗಾದರೆ ‘ಇವತ್ತು ರಜೆ’ ಎಂದು ಸುಳ್ಳು ಹೇಳುವ,
ತಮ್ಮ ಜಾಗೃತ ವಾರ್ಡಿನ ಒಬ್ಬ ಮತದಾರಳು